ವಿತರಿತ ದತ್ತಸಂಚಯ

ವಿತರಿತ ದತ್ತಸಂಚಯ ಅಥವಾ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಎಂಬುದು ಜಾಲದ ಮೂಲಕ ಸಂಪರ್ಕ ಹೊಂದಿರುವ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಹೋಗಿದ್ದರೂ ಬಳಕೆದಾರರಿಗೆ ಒಂದೇ ದತ್ತಸಂಚಯದಂತೆ ಕಾಣುವ ಮಾಹಿತಿ ಸಂಗ್ರಹ ವ್ಯವಸ್ಥೆಯಾಗಿದೆ. ಇದರಲ್ಲಿ ಪಾಲ್ಗೊಳ್ಳುವ ಪ್ರತಿಯೊಂದು ಕಂಪ್ಯೂಟರನ್ನು ನೋಡ್ ಎಂದೂ, ಒಟ್ಟಾಗಿ ಕೆಲಸ ಮಾಡುವ ನೋಡ್‌ಗಳ ಗುಂಪನ್ನು ಕ್ಲಸ್ಟರ್ ಎಂದೂ ಕರೆಯಲಾಗುತ್ತದೆ. ಒಂದು ಯಂತ್ರದ ಸಾಮರ್ಥ್ಯಕ್ಕೆ ಮೀರಿದ ಮಾಹಿತಿಯನ್ನು ಇಟ್ಟುಕೊಳ್ಳುವುದು, ಒಂದು ಯಂತ್ರ ಕೆಟ್ಟರೂ ಸೇವೆ ನಿಲ್ಲದಂತೆ ನೋಡಿಕೊಳ್ಳುವುದು ಮತ್ತು ಮಾಹಿತಿಯನ್ನು ಬಳಕೆದಾರರಿಗೆ ಹತ್ತಿರದಲ್ಲಿ ಇರಿಸುವುದು ಇದರ ಮುಖ್ಯ ಉದ್ದೇಶಗಳು.

ಬ್ಯಾಂಕಿಂಗ್, ರೈಲ್ವೆ ಮುಂಗಡ ಕಾಯ್ದಿರಿಸುವಿಕೆ, ದೂರಸಂಪರ್ಕ, ಭೂದಾಖಲೆ ಮುಂತಾದ ಕ್ಷೇತ್ರಗಳಲ್ಲಿ ಈ ತತ್ತ್ವ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ತಾಲ್ಲೂಕುವಾರು ಸರ್ವರ್‌ಗಳೊಂದಿಗೆ ಆರಂಭವಾದ ಕಂದಾಯ ಇಲಾಖೆಯ ಭೂಮಿ ಯೋಜನೆಯು ಮಾಹಿತಿಯನ್ನು ಹಂಚಿಡುವುದರ ಅನುಕೂಲ ಮತ್ತು ತೊಡಕುಗಳೆರಡನ್ನೂ ಅರಿಯಲು ಉಪಯುಕ್ತವಾದ ನಿದರ್ಶನವಾಗಿದೆ.

ಇತಿಹಾಸ

ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ದತ್ತಸಂಚಯದ ಮಾದರಿಯನ್ನು ಮಂಡಿಸಿದರು. ಅದೇ ದಶಕದ ಕೊನೆಯಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ವಿತರಿತ ದತ್ತಸಂಚಯಗಳ ಪ್ರಯೋಗಗಳು ನಡೆದವು. ಹಲವು ನೋಡ್‌ಗಳಲ್ಲಿ ಒಂದು ವ್ಯವಹಾರವನ್ನು ಏಕಕಾಲಕ್ಕೆ ಖಾಯಂಗೊಳಿಸುವ ‘ಎರಡು ಹಂತದ ಒಪ್ಪಿಗೆ’ ವಿಧಾನವನ್ನು ಜಿಮ್ ಗ್ರೇ 1978ರಲ್ಲಿ ವಿವರಿಸಿದರು. ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸೋಸ್ ಕ್ರಮವಿಧಿ 1998ರಲ್ಲಿ ಪ್ರಕಟವಾಯಿತು. ಎರಿಕ್ ಬ್ರೂವರ್ 2000ದಲ್ಲಿ ಸಿಎಪಿ ಊಹೆಯನ್ನು ಮಂಡಿಸಿದರು. 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಸಾಧಿಸಿ ತೋರಿಸಿದರು. ಅಮೆಜಾನ್ ಸಂಸ್ಥೆಯ ಡೈನಮೋ ಕುರಿತ ಪ್ರಬಂಧ 2007ರಲ್ಲಿ, ಗೂಗಲ್ ಸಂಸ್ಥೆಯ ಸ್ಪ್ಯಾನರ್ ಕುರಿತದ್ದು 2012ರಲ್ಲಿ ಹೊರಬಂದವು. ಫೇಸ್‌ಬುಕ್‌ನಲ್ಲಿ ರೂಪುಗೊಂಡ ಕ್ಯಾಸಾಂಡ್ರಾ 2008ರಲ್ಲಿ ಮುಕ್ತ ತಂತ್ರಾಂಶವಾಯಿತು. ಪ್ಯಾಕ್ಸೋಸ್‌ಗಿಂತ ಸುಲಭವಾಗಿ ಅರ್ಥವಾಗುವಂತೆ ರಚಿಸಲಾದ ರಾಫ್ಟ್ ಕ್ರಮವಿಧಿ 2014ರಲ್ಲಿ ಪ್ರಕಟವಾಯಿತು.

ಮೂಲ ಪರಿಕಲ್ಪನೆಗಳು

ವಿಭಜನೆ: ಮಾಹಿತಿಯನ್ನು ತುಂಡುಗಳಾಗಿ ಮಾಡಿ ಬೇರೆ ಬೇರೆ ನೋಡ್‌ಗಳಲ್ಲಿ ಇಡುವುದು. ಪ್ರತಿಯೊಂದು ತುಂಡಿಗೆ ಶಾರ್ಡ್ ಎಂಬ ಹೆಸರಿದೆ. ವಿಭಜನೆಯು ಭೌಗೋಳಿಕವಾಗಿರಬಹುದು, ಕೀಲಿಯ ವ್ಯಾಪ್ತಿಯನ್ನು ಆಧರಿಸಿರಬಹುದು ಅಥವಾ ಕೀಲಿಯ ಹ್ಯಾಶ್ ಮೌಲ್ಯವನ್ನು ಆಧರಿಸಿರಬಹುದು.

ಪ್ರತಿಕೃತಿ: ಒಂದೇ ಮಾಹಿತಿಯನ್ನು ಒಂದಕ್ಕಿಂತ ಹೆಚ್ಚು ನೋಡ್‌ಗಳಲ್ಲಿ ಇಡುವುದು. ಬರಹವು ಎಲ್ಲ ಪ್ರತಿಗಳಿಗೆ ತಲುಪುವವರೆಗೆ ಕಾಯುವುದು ಸಮಕಾಲಿಕ ಪ್ರತಿಕೃತಿ. ಕಾಯದೆ ಮುಂದುವರಿಯುವುದು ಅಸಮಕಾಲಿಕ ಪ್ರತಿಕೃತಿ. ಎರಡನೆಯದು ವೇಗವಾದದ್ದು, ಆದರೆ ಮುಖ್ಯ ನೋಡ್ ಥಟ್ಟನೆ ಕೆಟ್ಟರೆ ಕೊನೆಯ ಕೆಲವು ಬರಹಗಳು ನಷ್ಟವಾಗಬಹುದು.

ಸಿಎಪಿ ಪ್ರಮೇಯ: ಜಾಲವು ತುಂಡಾದಾಗ ವ್ಯವಸ್ಥೆಯು ಎಲ್ಲರಿಗೂ ಒಂದೇ ಉತ್ತರ ನೀಡುವ ಸುಸಂಗತತೆ ಅಥವಾ ಎಲ್ಲ ಕೋರಿಕೆಗಳಿಗೂ ಉತ್ತರ ನೀಡುವ ಲಭ್ಯತೆ, ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು ಎಂದು ಇದು ಹೇಳುತ್ತದೆ. ಜಾಲ ಸರಿಯಾಗಿರುವಾಗ ಈ ಆಯ್ಕೆಯ ಪ್ರಶ್ನೆ ಏಳುವುದಿಲ್ಲ.

ಬಹುಮತ: ಒಂದು ಬರಹವನ್ನು ಅಂಗೀಕರಿಸಲು ಅರ್ಧಕ್ಕಿಂತ ಹೆಚ್ಚು ನೋಡ್‌ಗಳ ಒಪ್ಪಿಗೆ ಬೇಕೆಂಬ ನಿಯಮಕ್ಕೆ ಕೋರಂ ಎಂದು ಹೆಸರು. ಯಾವುದೇ ಎರಡು ಬಹುಮತಗಳಲ್ಲಿ ಕನಿಷ್ಠ ಒಂದು ನೋಡ್ ಸಾಮಾನ್ಯವಾಗಿ ಇದ್ದೇ ಇರುವುದರಿಂದ, ಪರಸ್ಪರ ವಿರುದ್ಧವಾದ ಎರಡು ತೀರ್ಮಾನಗಳು ಅಂಗೀಕಾರವಾಗುವುದಿಲ್ಲ.

ಕರ್ನಾಟಕದ ನಿದರ್ಶನ: ಭೂಮಿ

ಭೂಮಿ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಹಕ್ಕು, ಗೇಣಿ ಮತ್ತು ಬೆಳೆಗಳ ವಿವರ ಹೊಂದಿರುವ ಈ ದಾಖಲೆಯನ್ನು ಹಿಂದೆ ಮುಂಬಯಿ ಕರ್ನಾಟಕ ಎನಿಸಿಕೊಂಡಿದ್ದ ಕಿತ್ತೂರು ಕರ್ನಾಟಕ ಭಾಗದಲ್ಲಿ ಜನರು ಉತಾರ ಎನ್ನುತ್ತಾರೆ. 2000ರ ದಶಕದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ಸಿಗತೊಡಗಿತು ಮತ್ತು ಕೈಬರಹದ ಪಹಣಿಗಳ ಮಾನ್ಯತೆ ಕೊನೆಗೊಂಡಿತು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ಎನ್‌ಐಸಿ ಸಿದ್ಧಪಡಿಸಿತು.

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. ಆ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿಯೂ ಇತರೆಡೆಯಂತೆ ದಾಖಲೆಗಳು ತಾಲ್ಲೂಕಿನ ಪ್ರಕಾರ ವಿಂಗಡಣೆಯಾದವು. ಆರಂಭದಲ್ಲಿ ಪ್ರತಿ ತಾಲ್ಲೂಕಿನ ಸರ್ವರ್ ತನ್ನ ಮಾಹಿತಿಗೆ ತಾನೇ ಒಡೆಯನಾಗಿತ್ತು. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಕ್ಲಸ್ಟರ್ ಅಲ್ಲ. ಭೌಗೋಳಿಕ ವಿಭಜನೆಯ ಮಾದರಿ. ಇಂತಹ ವಿನ್ಯಾಸದಲ್ಲಿ ಸವಣೂರಿನ ಸರ್ವರ್ ನಿಂತರೂ ಹಾನಗಲ್ಲಿನ ಕೆಲಸ ನಡೆಯುತ್ತದೆ. ಆದರೆ ಬೇರೆ ಪ್ರತಿ ಇಲ್ಲದಿದ್ದಲ್ಲಿ ಸವಣೂರಿನ ರೈತರಿಗೆ ಆ ದಿನ ಉತಾರ ಸಿಗುವುದಿಲ್ಲ. ಮುಂದೆ ತಾಲ್ಲೂಕುಗಳ ಮಾಹಿತಿಯನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತರಲಾಯಿತು. ಇದರಿಂದ ಹೋಬಳಿ ಮಟ್ಟದ ಕೇಂದ್ರಗಳಲ್ಲಿ ಮತ್ತು ಅಂತರಜಾಲದಲ್ಲಿ ಪಹಣಿ ಒದಗಿಸಲು ಸಾಧ್ಯವಾಯಿತು. ನೋಂದಣಿ ಇಲಾಖೆಯ ಕಾವೇರಿ ಹಾಗೂ ಭೂಮಾಪನ ಇಲಾಖೆಯ ಮೋಜಿಣಿ ತಂತ್ರಾಂಶಗಳೊಂದಿಗೂ ಭೂಮಿ ಜೋಡಣೆಯಾಗಿದೆ.

ಪ್ರಾಥಮಿಕ ಕೀಲಿಯನ್ನು ಆರಿಸುವಾಗ ಎಚ್ಚರ ಏಕೆ ಬೇಕೆಂಬುದನ್ನೂ ಭೂದಾಖಲೆಗಳು ತೋರಿಸುತ್ತವೆ. ಸರ್ವೆ ನಂಬರ್ ಆಯಾ ಗ್ರಾಮದೊಳಗೆ ಮಾತ್ರ ಅನನ್ಯ. 45ನೇ ಸರ್ವೆ ನಂಬರ್ ಹಲವು ಗ್ರಾಮಗಳಲ್ಲಿ ಇರುತ್ತದೆ. ಆದ್ದರಿಂದ ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಸೇರಿದ ಸಂಯುಕ್ತ ಕೀಲಿ ಬೇಕಾಗುತ್ತದೆ. ತಾಲ್ಲೂಕಿನ ಸಂಕೇತವನ್ನೂ ಕೀಲಿಯಲ್ಲಿ ಸೇರಿಸಿದರೆ ಗಡಿ ಬದಲಾದಾಗ ತೊಂದರೆಯಾಗುತ್ತದೆ. ಹಿರೇಕೆರೂರು ತಾಲ್ಲೂಕಿನಿಂದ ರಟ್ಟೀಹಳ್ಳಿ ಪ್ರತ್ಯೇಕ ತಾಲ್ಲೂಕಾದಂತಹ ಸಂದರ್ಭದಲ್ಲಿ ಜಮೀನು, ಒಡೆಯ, ಸರ್ವೆ ನಂಬರ್ ಯಾವುದೂ ಬದಲಾಗದಿದ್ದರೂ ಅಂತಹ ಕೀಲಿಗಳೆಲ್ಲ ಬದಲಾಗಬೇಕಾಗುತ್ತದೆ. ಗ್ರಾಮಕ್ಕೆ ಸ್ಥಿರವಾದ ಗುರುತು ಸಂಖ್ಯೆ ಕೊಟ್ಟು, ತಾಲ್ಲೂಕನ್ನು ಪ್ರತ್ಯೇಕ ಕೋಷ್ಟಕದಲ್ಲಿ ಇಡುವುದು ಸುರಕ್ಷಿತ ಕ್ರಮ.

ಕ್ಲಸ್ಟರ್ ವಿನ್ಯಾಸ

ನೋಡ್‌ಗಳ ಸಂಖ್ಯೆಯನ್ನು ನಿರ್ಧರಿಸುವ ಬಗೆಯನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರುಗಳಲ್ಲಿ ಒಂದೊಂದು ನೋಡ್ ಇದ್ದು, ಎಲ್ಲ ನಾಲ್ಕೂ ಒಂದೇ ಮಾಹಿತಿಯ ಪ್ರತಿಗಳನ್ನು ಹೊಂದಿವೆ ಎಂದು ಭಾವಿಸೋಣ. ಇಲ್ಲಿ ಬಹುಮತಕ್ಕೆ 3 ನೋಡ್‌ಗಳು ಬೇಕು. ಒಂದು ನೋಡ್ ಕೆಟ್ಟರೆ ಕೆಲಸ ನಡೆಯುತ್ತದೆ, ಎರಡು ಕೆಟ್ಟರೆ ನಿಲ್ಲುತ್ತದೆ. ಹಾನಗಲ್–ಹಿರೇಕೆರೂರು ಒಂದು ಕಡೆ, ಶಿಗ್ಗಾವಿ–ಸವಣೂರು ಇನ್ನೊಂದು ಕಡೆ ಆಗುವಂತೆ ಜಾಲ ತುಂಡಾದರೆ ಯಾವ ಕಡೆಗೂ ಬಹುಮತ ಇರುವುದಿಲ್ಲ. ನಾಲ್ಕೂ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಬರಹಗಳು ನಿಲ್ಲುತ್ತವೆ. ಹಾವೇರಿಯಲ್ಲಿ ಐದನೆಯ ನೋಡ್ ಸೇರಿಸಿದರೆ ಬಹುಮತ 3 ಆಗಿಯೇ ಉಳಿದು, ಎರಡು ನೋಡ್‌ಗಳ ವೈಫಲ್ಯವನ್ನು ತಾಳಿಕೊಳ್ಳಬಹುದು.

ನೋಡ್‌ಗಳ ಸಂಖ್ಯೆ ಮತ್ತು ತಾಳಿಕೊಳ್ಳಬಹುದಾದ ವೈಫಲ್ಯಗಳು:
- 3 ನೋಡ್‌ಗಳು: ಬಹುಮತ 2, ವೈಫಲ್ಯ 1
- 4 ನೋಡ್‌ಗಳು: ಬಹುಮತ 3, ವೈಫಲ್ಯ 1
- 5 ನೋಡ್‌ಗಳು: ಬಹುಮತ 3, ವೈಫಲ್ಯ 2

ಈ ಕಾರಣದಿಂದ ಮತ ಚಲಾಯಿಸುವ ನೋಡ್‌ಗಳ ಸಂಖ್ಯೆ ಬೆಸವಾಗಿರಬೇಕೆಂದು ಸಾಮಾನ್ಯವಾಗಿ ಶಿಫಾರಸು ಮಾಡಲಾಗುತ್ತದೆ. ಎಲ್ಲ ನೋಡ್‌ಗಳು ಒಂದೇ ವಿದ್ಯುತ್ ಮಾರ್ಗವನ್ನು ಅಥವಾ ಒಂದೇ ಆಪ್ಟಿಕಲ್ ಫೈಬರ್ ಕೇಬಲ್ಲನ್ನು ಅವಲಂಬಿಸಿದ್ದರೆ ಸಂಖ್ಯೆಯಿಂದ ಬರುವ ರಕ್ಷಣೆ ವ್ಯರ್ಥವಾಗುತ್ತದೆ.

ಸಂರಚನೆ

ಕ್ಲಸ್ಟರನ್ನು ಸ್ಥಾಪಿಸುವಾಗ ಗಮನಿಸಬೇಕಾದ ಮುಖ್ಯ ಅಂಶಗಳು ಹೀಗಿವೆ:

1. ಪ್ರತಿ ನೋಡ್‌ಗೆ ಸ್ಥಿರವಾದ ವಿಳಾಸ ಇರಬೇಕು ಮತ್ತು ನೋಡ್‌ಗಳು ಪರಸ್ಪರ ಎರಡೂ ದಿಕ್ಕಿನಲ್ಲಿ ಸಂಪರ್ಕಿಸುವಂತಿರಬೇಕು. ಕ್ಯಾಸಾಂಡ್ರಾದಲ್ಲಿ ನೋಡ್‌ಗಳ ನಡುವಿನ ಸಂವಹನಕ್ಕೆ 7000, ಬಳಕೆದಾರ ತಂತ್ರಾಂಶಗಳಿಗೆ 9042 ಪೂರ್ವನಿಯೋಜಿತ ಪೋರ್ಟ್‌ಗಳಾಗಿವೆ.
2. ಎಲ್ಲ ನೋಡ್‌ಗಳ ಗಡಿಯಾರಗಳನ್ನು ಎನ್‌ಟಿಪಿ ಮೂಲಕ ಹೊಂದಿಸಬೇಕು. ಕಾಕ್ರೋಚ್‌ಡಿಬಿಯಲ್ಲಿ ಗಡಿಯಾರಗಳ ನಡುವೆ ಅನುಮತಿಸಲಾದ ಪೂರ್ವನಿಯೋಜಿತ ಗರಿಷ್ಠ ವ್ಯತ್ಯಾಸ 500 ಮಿಲಿಸೆಕೆಂಡ್. ಅದನ್ನು ಸಮೀಪಿಸುವ ನೋಡ್ ತಾನಾಗಿಯೇ ಕೆಲಸ ನಿಲ್ಲಿಸುತ್ತದೆ.
3. ಪ್ರತಿಗಳ ಸಂಖ್ಯೆಯನ್ನು ಮತ್ತು ಓದು–ಬರಹಗಳಿಗೆ ಬೇಕಾದ ಒಪ್ಪಿಗೆಗಳನ್ನು ನಿರ್ಧರಿಸಬೇಕು. ಪ್ರತಿಗಳು 3 ಇದ್ದಾಗ ಬರಹಕ್ಕೆ 2, ಓದಿಗೆ 2 ಒಪ್ಪಿಗೆ ಇಟ್ಟರೆ ಅವುಗಳ ಮೊತ್ತ 3ಕ್ಕಿಂತ ಹೆಚ್ಚಾಗುವುದರಿಂದ, ಓದುವಾಗ ಇತ್ತೀಚಿನ ಬರಹವಿರುವ ಒಂದು ಪ್ರತಿಯಾದರೂ ಸಿಗುತ್ತದೆ.
4. ಕನ್ನಡ ಪಠ್ಯಕ್ಕೆ ಏಕರೂಪದ ಯೂನಿಕೋಡ್ ಸಂಕೇತೀಕರಣ ಕಡ್ಡಾಯವಾಗಿರಬೇಕು. ‘ದೊಡ್ಡಮನಿ’ ಎಂಬ ಅಡ್ಡಹೆಸರಿನ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರಗಳ ಎರಡು ಸಂಕೇತಗಳಾಗಿಯೂ ದಾಖಲಿಸಲು ಸಾಧ್ಯ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಅವುಗಳ ಹ್ಯಾಶ್ ಮೌಲ್ಯ ಬೇರೆಯಾಗಿ, ಒಬ್ಬರದೇ ಎರಡು ದಾಖಲೆಗಳು ಬೇರೆ ಶಾರ್ಡ್‌ಗಳಿಗೆ ಹೋಗಬಹುದು. ದಾಖಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ ಪರಿವರ್ತಿಸುವುದು ಇದಕ್ಕೆ ಪರಿಹಾರ.
5. ಪ್ರತಿಕೃತಿಯ ಜೊತೆಗೆ ಪ್ರತ್ಯೇಕ ಬ್ಯಾಕಪ್ ಇರಬೇಕು. ತಪ್ಪಾಗಿ ಅಳಿಸಿದ ದಾಖಲೆ ಎಲ್ಲ ಪ್ರತಿಗಳಿಂದಲೂ ಅಳಿಸಿಹೋಗುವುದರಿಂದ ಪ್ರತಿಕೃತಿಯು ಬ್ಯಾಕಪ್‌ಗೆ ಬದಲಿಯಲ್ಲ. ಬ್ಯಾಕಪ್‌ನಿಂದ ಮರುಸ್ಥಾಪಿಸುವ ಕೆಲಸವನ್ನು ಆಗಾಗ್ಗೆ ಪರೀಕ್ಷಿಸಬೇಕು.

ಸಾಮಾನ್ಯ ದೋಷಗಳು ಮತ್ತು ನಿವಾರಣೆ

ಸೇವಾ ಕೇಂದ್ರಗಳಲ್ಲಿ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಡಿಯಲ್ಲಿ ಬರುವ ತೊಂದರೆಗಳು ಬೇರೆ ಬೇರೆ ಕಾರಣಗಳಿಂದ ಉಂಟಾಗಿರಬಹುದು. ಸ್ಥಳೀಯ ವಿದ್ಯುತ್ ಮತ್ತು ಸಂಪರ್ಕ, ಆನ್ವಯಿಕ ತಂತ್ರಾಂಶ, ದತ್ತಸಂಚಯ ಎಂಬ ಕ್ರಮದಲ್ಲಿ ಪರಿಶೀಲಿಸಿದರೆ ದೋಷದ ಸ್ಥಾನ ಬೇಗ ತಿಳಿಯುತ್ತದೆ. ಒಂದೇ ಕೇಂದ್ರದಲ್ಲಿ ತೊಂದರೆಯಿದ್ದರೆ ಅದು ಬಹುಮಟ್ಟಿಗೆ ಸ್ಥಳೀಯವಾದದ್ದು. ಒಂದು ತಾಲ್ಲೂಕಿನ ದಾಖಲೆಗಳಿಗೆ ಮಾತ್ರ ಎಲ್ಲೆಡೆ ತೊಂದರೆಯಿದ್ದರೆ ಸಂಬಂಧಿಸಿದ ಶಾರ್ಡನ್ನು ನೋಡಬೇಕು. ಏನನ್ನಾದರೂ ಮರುಚಾಲನೆ ಮಾಡುವ ಮುನ್ನ ಎಲ್ಲ ನೋಡ್‌ಗಳ ದಿನಚರಿ ಕಡತಗಳನ್ನು ಅಂದರೆ ಲಾಗ್‌ಗಳನ್ನು ಉಳಿಸಿಕೊಳ್ಳುವುದು ಅಗತ್ಯ.

ಸದಸ್ಯತ್ವದ ಗೊಂದಲ: ಕ್ಲಸ್ಟರಿನ ಸ್ಥಿತಿಯನ್ನು ಒಂದು ನೋಡ್‌ನಿಂದ ಮಾತ್ರ ನೋಡಿದರೆ ಸಾಲದು. ಅ ನೋಡ್‌ಗೆ ಆ ನೋಡ್ ಕಾಣುತ್ತಿದ್ದು, ಆ ನೋಡ್‌ಗೆ ಅ ಕಾಣದಿದ್ದರೆ ಫೈರ್‌ವಾಲ್ ಒಂದು ದಿಕ್ಕಿನಲ್ಲಿ ತಡೆಯುತ್ತಿರುವ ಸಾಧ್ಯತೆ ಇದೆ.

ಇಬ್ಭಾಗ ಸ್ಥಿತಿ: ಜಾಲ ತುಂಡಾದಾಗ ಎರಡೂ ಭಾಗಗಳು ತಾವೇ ಮುಖ್ಯವೆಂದು ತಿಳಿದು ಬರಹಗಳನ್ನು ಸ್ವೀಕರಿಸುವುದಕ್ಕೆ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಭೂದಾಖಲೆಯಲ್ಲಿ ಹೀಗಾದರೆ ಒಂದೇ ಹಿಸ್ಸಾ ಇಬ್ಬರ ಹೆಸರಿಗೆ ವರ್ಗವಾಗಬಹುದು. ಯಂತ್ರಗಳನ್ನು ಮತ್ತೆ ಜೋಡಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಎರಡೂ ಕಡೆಯ ಬರಹಗಳನ್ನು ಮೂಲ ಪತ್ರಗಳೊಂದಿಗೆ ಹೋಲಿಸಿ ತೀರ್ಮಾನಿಸಬೇಕಾಗುತ್ತದೆ. ಆದ್ದರಿಂದ ಬಹುಮತವಿಲ್ಲದ ಭಾಗದಲ್ಲಿ ಸೇವೆಯನ್ನು ಬಲವಂತವಾಗಿ ಆರಂಭಿಸುವ ಆದೇಶವನ್ನು, ಉಳಿದ ನೋಡ್‌ಗಳು ನಿಜವಾಗಿಯೂ ನಿಂತಿವೆ ಎಂದು ಖಚಿತಪಡಿಸಿಕೊಂಡ ನಂತರವಷ್ಟೇ ಬಳಸಬೇಕು.

ಪ್ರತಿಕೃತಿಯ ವಿಳಂಬ: ಹೆಸರು ಬದಲಾವಣೆ ಅಂಗೀಕಾರವಾದರೂ ಓದುವ ಪ್ರತಿಯಲ್ಲಿ ಹಳೆಯ ಹೆಸರೇ ಕಾಣುವುದು ಇದರ ಲಕ್ಷಣ. ಸಾಲಕ್ಕಾಗಿ ಉತಾರ ಪಡೆಯುವವರಿಗೆ ಹಳೆಯ ಮಾಹಿತಿ ಮುದ್ರಣವಾದರೆ ಅರ್ಜಿ ತಿರಸ್ಕೃತವಾಗಬಹುದು. ಕಾನೂನು ಮಹತ್ವದ ದಾಖಲೆಯನ್ನು ಮುಖ್ಯ ನೋಡ್‌ನಿಂದಲೇ ಅಥವಾ ಬಹುಮತದ ಓದಿನಿಂದಲೇ ನೀಡುವುದು ಸೂಕ್ತ.

ಅರ್ಧಕ್ಕೆ ನಿಂತ ವ್ಯವಹಾರ: ಒಂದು ಕುಟುಂಬದ ವಾಟ್ನಿ ಪತ್ರದಲ್ಲಿ ಹಾನಗಲ್ ಮತ್ತು ಸವಣೂರು ಎರಡೂ ತಾಲ್ಲೂಕುಗಳ ಜಮೀನುಗಳಿದ್ದರೆ ಎರಡೂ ಶಾರ್ಡ್‌ಗಳು ಒಟ್ಟಿಗೆ ಬದಲಾಗಬೇಕು. ಎರಡು ಹಂತದ ಒಪ್ಪಿಗೆಯಲ್ಲಿ ಎರಡೂ ಕಡೆ ‘ಸಿದ್ಧ’ ಎಂದ ಮೇಲೆ ಸಂಯೋಜಕ ನೋಡ್ ಕೆಟ್ಟರೆ ಆ ದಾಖಲೆಗಳು ಬೀಗ ಹಾಕಿದ ಸ್ಥಿತಿಯಲ್ಲಿ ಉಳಿಯುತ್ತವೆ. ಸಂಯೋಜಕನ ಲಾಗ್ ನೋಡಿ, ಎರಡೂ ಕಡೆ ಒಂದೇ ತೀರ್ಮಾನವನ್ನು ಜಾರಿಗೊಳಿಸಬೇಕು.

ಡಿಸ್ಕ್ ತುಂಬುವಿಕೆ: ಪೋಸ್ಟ್‌ಗ್ರೆಸ್‌ನಲ್ಲಿ ರೆಪ್ಲಿಕೇಶನ್ ಸ್ಲಾಟ್ ಬಳಸುತ್ತಿದ್ದ ಪ್ರತಿ ನೋಡ್ ಬಹುಕಾಲ ಸಂಪರ್ಕದಲ್ಲಿ ಇಲ್ಲದಿದ್ದರೆ, ಅದಕ್ಕಾಗಿ ಉಳಿಸಿದ ಲಾಗ್‌ಗಳು ಮುಖ್ಯ ನೋಡ್‌ನ ಡಿಸ್ಕನ್ನೇ ತುಂಬಬಹುದು. ಉಳಿಸುವ ಗಾತ್ರಕ್ಕೆ ಮಿತಿ ಹಾಕುವುದು ಮತ್ತು ಡಿಸ್ಕ್ ತುಂಬುವ ಮುನ್ನವೇ ಎಚ್ಚರಿಕೆ ಬರುವಂತೆ ಮಾಡುವುದು ಅವಶ್ಯ.

ಅಳಿಸಿದ ದಾಖಲೆ ಮರಳುವುದು: ಕ್ಯಾಸಾಂಡ್ರಾದಲ್ಲಿ ಅಳಿಸುವಿಕೆಯೂ ಒಂದು ಗುರುತಾಗಿ ದಾಖಲಾಗುತ್ತದೆ. ಈ ಗುರುತನ್ನು ಪೂರ್ವನಿಯೋಜಿತವಾಗಿ 10 ದಿನ ಉಳಿಸಲಾಗುತ್ತದೆ. ಅದಕ್ಕಿಂತ ಹೆಚ್ಚು ಕಾಲ ನಿಂತಿದ್ದ ನೋಡನ್ನು ಹಾಗೆಯೇ ಮರಳಿ ಸೇರಿಸಿದರೆ ಅಳಿಸಿದ ದಾಖಲೆ ಮತ್ತೆ ಜೀವ ಪಡೆಯಬಹುದು. ಅಂತಹ ನೋಡನ್ನು ಖಾಲಿ ಮಾಡಿ ಹೊಸದಾಗಿ ಸೇರಿಸಬೇಕು.

ಗಡಿಯಾರದ ವ್ಯತ್ಯಾಸ: ‘ಕೊನೆಯ ಬರಹವೇ ಅಂತಿಮ’ ಎಂಬ ನಿಯಮವಿರುವ ವ್ಯವಸ್ಥೆಯಲ್ಲಿ ಗಡಿಯಾರ ಮುಂದಿರುವ ನೋಡ್‌ನ ಹಳೆಯ ಬರಹವು ಹೊಸ ಬರಹವನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ದೋಷ ಸೂಚನೆ ಬಾರದ ಕಾರಣ ಇದನ್ನು ಪತ್ತೆಹಚ್ಚುವುದು ಕಷ್ಟ.

ಮಿತಿಗಳು

ವಿತರಿತ ವ್ಯವಸ್ಥೆಯ ನಿರ್ವಹಣೆಗೆ ಹೆಚ್ಚಿನ ಪರಿಣತಿ, ಯಂತ್ರಗಳು ಮತ್ತು ವಿಶ್ವಾಸಾರ್ಹ ಜಾಲ ಬೇಕಾಗುತ್ತವೆ. ಮಾಹಿತಿಯ ಗಾತ್ರ ಚಿಕ್ಕದಿದ್ದಲ್ಲಿ ಒಂದು ಸರ್ವರ್, ಅದಕ್ಕೊಂದು ಪ್ರತಿ ಹಾಗೂ ನಿಯಮಿತ ಬ್ಯಾಕಪ್ ಸಾಕಾಗುವುದುಂಟು. ಪ್ರತಿಗಳೆಲ್ಲ ಪರಸ್ಪರ ಹೊಂದಿಕೊಂಡಿವೆ ಎಂದ ಮಾತ್ರಕ್ಕೆ ಅವುಗಳಲ್ಲಿರುವ ಮಾಹಿತಿ ಸರಿಯೆಂದು ಅರ್ಥವಲ್ಲ. ದಾಖಲಿಸುವಾಗಲೇ ತಪ್ಪಾದ ವಿಸ್ತೀರ್ಣ ಅಥವಾ ಹೆಸರು ಎಲ್ಲ ನೋಡ್‌ಗಳಲ್ಲಿಯೂ ಅಷ್ಟೇ ನಿಷ್ಠೆಯಿಂದ ಉಳಿಯುತ್ತದೆ. ಅಂತಹ ತಿದ್ದುಪಡಿ ಕಂದಾಯ ಕಾನೂನಿನ ಪ್ರಕ್ರಿಯೆಯ ಮೂಲಕವೇ ಆಗಬೇಕು.

ಇವನ್ನೂ ನೋಡಿ

- ಭೂಮಿ ಯೋಜನೆ
- ಪಹಣಿ
- ಸಂಬಂಧಾತ್ಮಕ ದತ್ತಸಂಚಯ
- ಯೂನಿಕೋಡ್
- ಹಾವೇರಿ ಜಿಲ್ಲೆ