ಎರಡು ಟೇಬಲ್ ನಡುವಿನ ಆ ಗೆರೆ ಎಲ್ಲಿಂದ ಬಂತು?

1/4
ಲ್ಯಾಬ್‌ನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ತೆರೆದು, ರಿಲೇಷನ್‌ಶಿಪ್ಸ್ ವಿಂಡೋದಲ್ಲಿ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಗೆರೆ ಎಳೀತೀವಲ್ಲ? ಎರಡು ಸೆಕೆಂಡ್ ಕೆಲಸ. ಪ್ರಿಂಟ್‌ಔಟ್ ರೆಕಾರ್ಡ್ ಬುಕ್‌ಗೆ ಅಂಟಿಸಿ ಸಹಿ ಹಾಕಿಸ್ಕೊಂಡ್ರೆ ಮುಗೀತು. ಆದ್ರೆ ಇದೇ ವಿಷಯಕ್ಕೆ ಒಂದು ಕಾಲದಲ್ಲಿ ಘಟಾನುಘಟಿಗಳು ಎದುರುಬದುರು ನಿಂತು ವಾದ ಮಾಡಿದ್ರು ಅಂದ್ರೆ ನಂಬ್ತೀರಾ?

ನಮ್ಮ ಬಿಕಾಂ ಭಾಷೇಲೇ ಶುರು ಮಾಡೋಣ. ಜರ್ನಲ್‌ನಲ್ಲಿ ಎಲ್.ಎಫ್. ಅಂತ ಒಂದು ಕಾಲಂ ಇರುತ್ತೆ. ಲೆಡ್ಜರ್ ಫೋಲಿಯೋ. ಪರೀಕ್ಷೇಲಿ ಹೆಚ್ಚಿನವರು ಅದನ್ನ ಖಾಲಿ ಬಿಡ್ತಾರೆ, ಯಾರೂ ಮಾರ್ಕ್ಸ್ ಕಟ್ ಮಾಡಲ್ಲ. ಆದ್ರೆ ಕೈಯಲ್ಲಿ ಬರೆಯೋ ಲೆಕ್ಕದಲ್ಲಿ, ಈ ಎಂಟ್ರಿ ಲೆಡ್ಜರ್‌ನ ಯಾವ ಪುಟಕ್ಕೆ ಹೋಯ್ತು ಅಂತ ಹೇಳೋದು ಅದೇ. ಈಗ ಲೆಡ್ಜರ್ ತುಂಬಿತು, ಖಾತೆಗಳನ್ನ ಹೊಸ ಪುಸ್ತಕಕ್ಕೆ ಎತ್ತಿ ಬರೆದ್ರಿ ಅಂತಿಟ್ಕೊಳ್ಳಿ. ಹಳೇ ಪುಟ ಸಂಖ್ಯೆ ಹಿಡ್ಕೊಂಡು ಹೊಸ ಪುಸ್ತಕ ತೆರೆದ್ರೆ ಬೇರೆ ಯಾರದ್ದೋ ಖಾತೆ ಕಣ್ಣಿಗೆ ಬೀಳುತ್ತೆ.

1960ರ ದಶಕದ ಕಂಪ್ಯೂಟರ್‌ಗಳ ಪಾಡೂ ಹೆಚ್ಚುಕಡಿಮೆ ಇದೇ.

2/4
ಚಂದ್ರನ ಮೇಲೆ ಮನುಷ್ಯರನ್ನ ಇಳಿಸಿದ ಅಪೊಲೊ ಯೋಜನೆಗೆ ಲೆಕ್ಕವಿಲ್ಲದಷ್ಟು ಬಿಡಿಭಾಗ ಬೇಕಿತ್ತು. ಯಾವುದರೊಳಗೆ ಯಾವುದು ಕೂರುತ್ತೆ ಅನ್ನೋ ಪಟ್ಟಿ ಇಡೋಕೆ ಐಬಿಎಂ ಬೇರೆ ಕಂಪನಿಗಳ ಜೊತೆ ಸೇರಿ ಐಎಂಎಸ್ ಅನ್ನೋ ವ್ಯವಸ್ಥೆ ಕಟ್ಟಿತು. 1968ಕ್ಕೆ ಅದು ಕೆಲಸ ಶುರು ಮಾಡ್ತು. ಅದರ ರಚನೆ ವಂಶವೃಕ್ಷದ ಹಾಗೆ: ಮೇಲೆ ತಂದೆ, ಕೆಳಗೆ ಮಕ್ಕಳು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಚಾರ್ಲ್ಸ್ ಬಾಕ್‌ಮನ್ ಅನ್ನೋರು ಇನ್ನೊಂದು ಬಗೆ ಮಾಡಿದ್ರು, ದಾಖಲೆಗಳನ್ನ ಬಲೆಯ ಹಾಗೆ ಒಂದಕ್ಕೊಂದು ಕಟ್ಟೋದು. ಎರಡರಲ್ಲೂ ಪ್ರೋಗ್ರಾಂ ಬರೆಯೋನು ದಾರಿ ತಿಳ್ಕೊಂಡು, ಒಂದು ದಾಖಲೆಯಿಂದ ಇನ್ನೊಂದಕ್ಕೆ ತಾನೇ ನಡ್ಕೊಂಡು ಹೋಗಬೇಕು. ದಾರಿ ಬದಲಾದ್ರೆ ಪ್ರೋಗ್ರಾಂ ಹಾಳು. 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ತಗೊಂಡಾಗ ಬಾಕ್‌ಮನ್ ಮಾಡಿದ ಭಾಷಣದ ವಿಷಯವೇ 'ಪ್ರೋಗ್ರಾಮರ್ ಅಂದ್ರೆ ನಾವಿಕ'.

ಇದಕ್ಕೆ ಅಡ್ಡ ನಿಂತವರು ಎಡ್ಗರ್ ಕಾಡ್. ಇಂಗ್ಲೆಂಡ್‌ನವರು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದವರು. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಇದ್ದಾಗ, 1970ರ ಜೂನ್‌ನಲ್ಲಿ ಅವರ ಒಂದು ಪ್ರಬಂಧ ಅಚ್ಚಾಯ್ತು. ಅದರ ತಿರುಳನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ: ಪುಟ ಸಂಖ್ಯೆ ಬೇಡ, ಖಾತೆ ಸಂಖ್ಯೆ ಸಾಕು. ದಾಖಲೆ ಡಿಸ್ಕ್‌ನ ಯಾವ ಮೂಲೇಲಿದೆ ಅನ್ನೋದು ಬಳಸೋರಿಗೆ ಯಾಕೆ? ಎಲ್ಲವನ್ನೂ ಸಾದಾ ಟೇಬಲ್‌ಗಳಲ್ಲಿ ಇಡಿ. ಎರಡು ಟೇಬಲ್‌ನಲ್ಲಿ ಒಂದೇ ಸಂಖ್ಯೆ ಕಂಡ್ರೆ ಅದೇ ಸಂಬಂಧ.

ಇಷ್ಟು ಸುಲಭದ ಮಾತಿಗೆ ಅವರ ಕಂಪನಿಯೇ ಬೇಗ ಕಿವಿಗೊಡಲಿಲ್ಲ. ಐಎಂಎಸ್ ಚೆನ್ನಾಗಿ ದುಡ್ಡು ತರ್ತಿತ್ತು ಗುರೂ, ಯಾರು ಬಿಡ್ತಾರೆ? 1974ರಲ್ಲಿ ಆನ್ ಆರ್ಬರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಕಾಡ್ ಮತ್ತು ಬಾಕ್‌ಮನ್ ಮುಖಾಮುಖಿ ಆದ್ರು. ಟೇಬಲ್ ಪದ್ಧತಿ ನಿಧಾನ, ದೊಡ್ಡ ಕೆಲಸಕ್ಕೆ ಆಗಲ್ಲ ಅನ್ನೋದು ಆಗಿನ ದೊಡ್ಡ ಆಕ್ಷೇಪ. ಐಬಿಎಂನ ಸಿಸ್ಟಂ ಆರ್, ಬರ್ಕ್ಲಿ ವಿಶ್ವವಿದ್ಯಾಲಯದ ಇಂಗ್ರೆಸ್, ಈ ಎರಡು ಸಂಶೋಧನೆಗಳು ಸೇರಿ ಆಗುತ್ತೆ ಅಂತ ಮಾಡಿ ತೋರಿಸಿದ್ವು. ತಮಾಷೆ ಏನಂದ್ರೆ ಐಡಿಯಾ ಐಬಿಎಂದು, ಐಬಿಎಂಗಿಂತ ಮೊದಲೇ ಮಾರುಕಟ್ಟೆಗೆ ತಂದದ್ದು ಆಮೇಲೆ ಒರಾಕಲ್ ಅಂತ ಹೆಸರಾದ ಪುಟ್ಟ ಕಂಪನಿ, 1979ರಲ್ಲಿ. 1981ರಲ್ಲಿ ಕಾಡ್‌ಗೂ ಟ್ಯೂರಿಂಗ್ ಪ್ರಶಸ್ತಿ ಬಂತು.

3/4
ಸರಿ, ಟೇಬಲ್ ಅಂದ್ರೆ ಎಕ್ಸೆಲ್ ಶೀಟ್ ಥರ ಅಲ್ವಾ ಅಂತೀರಾ? ಅಲ್ಲ. ಇಲ್ಲೇ ಹೆಚ್ಚಿನ ಪ್ರಾಜೆಕ್ಟ್‌ಗಳು ಎಡವೋದು.

ಒಂದು ಸ್ತ್ರೀಶಕ್ತಿ ಸಂಘದ ಲೆಕ್ಕ ತಗೊಳ್ಳಿ. ಒಂದೇ ಉದ್ದದ ಪಟ್ಟಿ: ದಿನಾಂಕ, ಹೆಸರು, ಫೋನ್, ಊರು, ಕಟ್ಟಿದ ಹಣ. ಪ್ರತಿ ವಾರ ಪ್ರತಿ ಸದಸ್ಯೆಯ ಹೆಸರು, ಫೋನ್ ಮತ್ತೆ ಮತ್ತೆ ಬರೀಬೇಕು. ಫೋನ್ ಬದಲಾಯ್ತಾ? ಐವತ್ತು ಸಾಲು ತಿದ್ದಿ. ಒಂದು ಸಾಲು ತಪ್ಪಿದ್ರೂ ಯಾವ ನಂಬರ್ ಸರಿ ಅಂತ ಯಾರಿಗೂ ಗೊತ್ತಾಗಲ್ಲ. ಹೊಸದಾಗಿ ಸೇರಿದಾಕೆ ಇನ್ನೂ ಹಣ ಕಟ್ಟಿಲ್ಲ ಅಂದ್ರೆ ಅವಳು ಪುಸ್ತಕದಲ್ಲೇ ಇಲ್ಲ. ಇನ್ನು ಊರಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ರೆ ಕೇಳಲೇಬೇಡಿ. ಒಬ್ಬರ ಉಳಿತಾಯ ಇನ್ನೊಬ್ಬರ ಹೆಸರಿಗೆ ಹೋಗೋಕೆ ಎಷ್ಟು ಹೊತ್ತು? ಸಾಲ ಕೇಳೋ ದಿನ ಅದು ಹೊರಗೆ ಬರುತ್ತೆ, ಅಷ್ಟರಲ್ಲಿ ಸಾಕ್ಷಿ ಹೇಳೋಕೆ ಚೀಟಿಯೂ ಉಳಿದಿರಲ್ಲ.

1970ರ ದಶಕದ ಶುರುವಿನಲ್ಲೇ ಕಾಡ್ ಇಂಥ ತೊಂದರೆಗಳನ್ನ ಬಿಡಿಸಿಟ್ಟು ನಾರ್ಮಲ್ ಫಾರ್ಮ್ ಅನ್ನೋ ನಿಯಮ ಕೊಟ್ರು. ನಮ್ಮ ಸಂಘಕ್ಕೆ ಅನ್ವಯಿಸಿದ್ರೆ: 'ಸದಸ್ಯರು' ಅಂತ ಒಂದು ಟೇಬಲ್, ಅದರಲ್ಲಿ ಸದಸ್ಯ ಸಂಖ್ಯೆ, ಹೆಸರು, ಫೋನ್, ಊರು. 'ಉಳಿತಾಯ' ಅಂತ ಇನ್ನೊಂದು, ಅದರಲ್ಲಿ ರಸೀದಿ ಸಂಖ್ಯೆ, ದಿನಾಂಕ, ಸದಸ್ಯ ಸಂಖ್ಯೆ, ಮೊತ್ತ. ಫೋನ್ ಒಂದೇ ಕಡೆ ಇರುತ್ತೆ. ಲಕ್ಷ್ಮಮ್ಮಂದಿರು 7 ಮತ್ತು 19 ಆಗ್ತಾರೆ, ಗೊಂದಲ ಇಲ್ಲ. ಮೊದಲನೇ ಟೇಬಲ್‌ನ ಸದಸ್ಯ ಸಂಖ್ಯೆ ಪ್ರೈಮರಿ ಕೀ, ಎರಡನೇದರಲ್ಲಿ ಅದೇ ಫಾರಿನ್ ಕೀ. ನಾವು ಎಳೆಯೋ ಗೆರೆ ಇವೆರಡರ ನಡುವೆ.

4/4
ಇದೆಲ್ಲ ದೊಡ್ಡ ಮೆಷಿನ್‌ಗಳ ಮಾತಾಯ್ತು. ಮೇಜಿನ ಮೇಲಿನ ಕಂಪ್ಯೂಟರ್‌ಗೆ ಡೇಟಾಬೇಸ್ ಬಂದ ದಾರಿ ಬೇರೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದ ವೇಯ್ನ್ ರ‍್ಯಾಟ್‌ಲಿಫ್, ಆಫೀಸಿನವರ ಫುಟ್‌ಬಾಲ್ ಬಾಜಿ ಗೆಲ್ಲೋಕೆ ಅಂಕಿಅಂಶ ಇಡೋಣ ಅಂತ 1978ರ ಸುಮಾರಿಗೆ ಒಂದು ಪ್ರೋಗ್ರಾಂ ಬರೆದ್ರು. ಅದೇ ಡಿಬೇಸ್ II. ಡಿಬೇಸ್ I ಇರಲೇ ಇಲ್ಲ! ಎರಡನೇ ಆವೃತ್ತಿ ಅಂದ್ರೆ ಪಳಗಿದ ಸರಕು ಅಂತ ಜನ ನಂಬ್ತಾರಲ್ಲ, ಅದಕ್ಕೆ. ಮಾರಿದ ಆಷ್ಟನ್-ಟೇಟ್ ಕಂಪನಿಯಲ್ಲಿ ಆಷ್ಟನ್ ಅನ್ನೋ ಪಾಲುದಾರನೂ ಇರಲಿಲ್ಲ. 90ರ ದಶಕದಲ್ಲಿ ನಮ್ಮ ಕಡೆ ಕಂಪ್ಯೂಟರ್ ಕ್ಲಾಸ್‌ಗೆ ಹೋದ ಅಣ್ಣ-ಅಕ್ಕಂದಿರನ್ನ ಕೇಳಿ, ಡಿಬೇಸ್, ಫಾಕ್ಸ್‌ಪ್ರೋ ಅಂತ ಕಣ್ಣರಳಿಸ್ತಾರೆ.

ಡಿಬೇಸ್‌ನಲ್ಲಿ ಎರಡು ಫೈಲ್ ಜೋಡಿಸಬಹುದಿತ್ತು, ಆದ್ರೆ ಜೋಡಣೆ ಕಾಯೋ ಹೊಣೆ ಪ್ರೋಗ್ರಾಂ ಬರೆದವನ ತಲೆ ಮೇಲೆ. ಆ ಹೊತ್ತಿಗೆ ಸಿಕ್ಕಸಿಕ್ಕ ಕಂಪನಿಗಳೆಲ್ಲ 'ನಮ್ಮದೂ ರಿಲೇಷನಲ್' ಅಂತ ಬೋರ್ಡ್ ಹಾಕ್ಕೊಳ್ಳೋದನ್ನ ನೋಡಿ ರೋಸಿಹೋದ ಕಾಡ್, 1985ರಲ್ಲಿ 12 ನಿಯಮ ಪ್ರಕಟಿಸಿದ್ರು. ಸೊನ್ನೆಯಿಂದ ಎಣಿಸಿರೋದ್ರಿಂದ ನಿಜವಾಗಿ 13.

1992ರ ನವೆಂಬರ್‌ನಲ್ಲಿ ಆಕ್ಸೆಸ್ ಬಂತು. ಟೇಬಲ್, ಫಾರ್ಮ್, ಕ್ವೆರಿ, ರಿಪೋರ್ಟ್ ಎಲ್ಲ ಒಂದೇ ಕಡೆ, ಮೌಸ್ ಹಿಡಿಯೋಕೆ ಬಂದ್ರೆ ಸಾಕು. ನನ್ನ ಮಟ್ಟಿಗೆ ಅದರಲ್ಲಿ ಎಲ್ಲಕ್ಕಿಂತ ಬೆಲೆ ಬಾಳೋದು ಗೆರೆ ಎಳೆದಾಗ ಬರೋ ಪುಟ್ಟ ಚೆಕ್‌ಬಾಕ್ಸ್: ಎನ್‌ಫೋರ್ಸ್ ರೆಫರೆನ್ಷಿಯಲ್ ಇಂಟೆಗ್ರಿಟಿ. ಟಿಕ್ ಹಾಕದಿದ್ರೆ ಗೆರೆ ಬರೀ ಚಿತ್ರ. ಹಾಕಿದ್ರೆ, 45ನೇ ಸದಸ್ಯೆಯೇ ಇಲ್ಲದಿರುವಾಗ 45ರ ಹೆಸರಿಗೆ ಹಣ ಬರೆಯೋಕೆ ಆಕ್ಸೆಸ್ ಬಿಡಲ್ಲ. ಹಣ ಕಟ್ಟಿರೋ ಸದಸ್ಯೆಯನ್ನ ಸುಮ್ಮನೆ ಅಳಿಸೋಕೂ ಬಿಡಲ್ಲ.

ನಿಮ್ಮ ಪ್ರಾಜೆಕ್ಟ್ ಫೈಲ್ ತೆರೆದು ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ. ಟಿಕ್ ಹಾಕೋಕೆ ಹೋದಾಗ ಟೇಬಲ್‌ನಲ್ಲಿರೋ ಡೇಟಾ ನಿಯಮಕ್ಕೆ ಹೊಂದಲ್ಲ ಅಂತ ಅದು ತಕರಾರು ತೆಗೆದ್ರೆ, ವಾರಸುದಾರರಿಲ್ಲದ ಸಾಲು ಒಳಗೆ ಆಗಲೇ ಕೂತಿದೆ ಅಂತರ್ಥ. ಸಬ್‌ಮಿಟ್ ಮಾಡೋಕೆ ಮುಂಚೆ ಹುಡುಕಿ.

ಮುಂದಿನ ಪೋಸ್ಟ್: ಸೀಕ್ವೆಲ್ ಅಂತ ಹೆಸರಿಟ್ಟ ಭಾಷೆ ಎಸ್‌ಕ್ಯೂಎಲ್ ಆಗಿದ್ದು ಯಾಕೆ? ಸೇವ್ ಮಾಡ್ಕೊಳ್ಳಿ, ಲ್ಯಾಬ್ ಪಾರ್ಟ್‌ನರ್‌ನ ಟ್ಯಾಗ್ ಮಾಡಿ.

#ಬಿಕಾಂ #ಡೇಟಾಬೇಸ್ #ಆಕ್ಸೆಸ್ #ಕಂಪ್ಯೂಟರ್ಇತಿಹಾಸ #ಕನ್ನಡದಲ್ಲಿಓದೋಣ