ಹವಳದ ತೊಟ್ಟಿಯಲ್ಲೊಂದು ಹಳೆಯ ಹುಳು

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಮನೆಯಲ್ಲೇ ಹವಳ ಬೆಳೆಸುವವರು ದುಡ್ಡು ಕೊಟ್ಟು ತಂದ ಮೀನುಗಳಿಗಿಂತ ಕರೆಯದೆ ಬಂದವುಗಳ ಬಗ್ಗೆಯೇ ಹೆಚ್ಚು ಮಾತಾಡುತ್ತಾರೆ. ಅವರು ತಳದಲ್ಲಿ ಜೋಡಿಸುವ ‘ಲೈವ್ ರಾಕ್’ ಎಂಬುದು ಸತ್ತ ಹವಳದ ಎಲುಬು, ಮೈತುಂಬ ತೂತು. ಇಂಡೊನೇಷ್ಯದ ಲೀ ಚಿನ್ ಎಂಗ್ 1961ರಲ್ಲಿ ಕಡಲಜೀವಿಗಳನ್ನು ತೊಟ್ಟಿಯಲ್ಲಿ ಸಾಕುವ ತಮ್ಮ ಸಹಜ ಪದ್ಧತಿಯ ಬಗ್ಗೆ ಬರೆದರು. ನೀರನ್ನು ಶುದ್ಧವಾಗಿಡುವ ಕೆಲಸವನ್ನು ಇಂಥ ಕಲ್ಲಿನ ಸಂದುಗೊಂದುಗಳ ಬ್ಯಾಕ್ಟೀರಿಯಾಗಳಿಗೇ ವಹಿಸುವ ರೂಢಿ ಮುಂದೆ ಹಬ್ಬಿತು. ಆ ಸಂದುಗಳಲ್ಲಿ ಅಡಗಿಕೊಂಡು ಇನ್ನೆಷ್ಟೋ ಜೀವಿಗಳೂ ಮನೆ ಸೇರತೊಡಗಿದವು. ದೀಪ ಆರಿಸಿ, ಕೆಂಪು ಬೆಳಕಿನ ಟಾರ್ಚು ಹಿಡಿದು ನೋಡಿದರೆ ಕಲ್ಲಿನ ಸೀಳಿನಿಂದ ಏನೋ ಹೊರಗೆ ಚಾಚುತ್ತದೆ, ಸರಕ್ಕನೆ ಒಳಸರಿಯುತ್ತದೆ. ನೋಡಿದವರು ಕನ್ನಡದವರಾದರೆ ಬಾಯಿಂದ ಬರುವ ಮೊದಲ ಮಾತು ‘ಏನೋ ಹುಳ!’ ಪದಪ್ರಿಯರಾದ ನಾವು ಕಲ್ಲನ್ನು ಅಲ್ಲೇ ಬಿಟ್ಟು ಈ ಹುಳದ ಬೆನ್ನು ಹಿಡಿಯೋಣ.

ಇದರ ಹಳಗನ್ನಡದ ರೂಪ ಪುೞು. ತಮಿಳು, ಮಲಯಾಳಗಳು ಆ ೞಕಾರವನ್ನು ಇಂದಿಗೂ ನಾಲಿಗೆಯ ಮೇಲೆ ಉಳಿಸಿಕೊಂಡಿವೆ. ತುಳುವಿನಲ್ಲಿ ಅದು ಪುರಿ, ತೆಲುಗಿನಲ್ಲಿ ಪುರುಗು, ಕೊಡವದಲ್ಲಿ ಪುಳು. ಕನ್ನಡದಲ್ಲಿ ಮಾತ್ರ ಎರಡು ತುದಿಯಲ್ಲೂ ಸವೆತ: ಪಕಾರ ಹಕಾರವಾಯಿತು, ೞಕಾರ ಸಾಮಾನ್ಯ ಳಕಾರದಲ್ಲಿ ಕರಗಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ (ಅಂದರೆ ೞ), ಕುಳ, ಕ್ಷಳ ಎಂಬ ಳಕಾರದ ಬಗೆಗಳನ್ನು ಅಷ್ಟು ಶ್ರಮಪಟ್ಟು ಬೇರ್ಪಡಿಸಿದ್ದಾನೆಂದರೆ, ಆ ಹೊತ್ತಿಗೆ ಜನರ ಬಾಯಲ್ಲಿ ಅವು ಬೆರೆಯತೊಡಗಿದ್ದವೆಂದೇ ಊಹಿಸಬೇಕು. ಬೆರೆತದ್ದರಿಂದ ಒಂದು ಚಂದದ ಗೊಂದಲವೂ ಹುಟ್ಟಿದೆ. ನಾಲಿಗೆಗೆ ಹತ್ತುವ ‘ಪುಳಿ’ಯಲ್ಲಿ ಇದ್ದದ್ದು ಬೇರೆ ಳಕಾರ, ಇಂದು ಹುಳಿ, ಹುಳು ಎರಡೂ ಅಕ್ಕಪಕ್ಕ ಕೂತಿದ್ದರೂ ಅವು ಒಂದೇ ಮನೆಯವಲ್ಲ.

ಧ್ವನಿ ಸವೆದಂತೆ ಅರ್ಥ ಸವೆಯಲಿಲ್ಲ, ಹರಡಿತು. ಮಣ್ಣಿನ ಎರೆಹುಳು, ಗೂಡು ನೇಯುವ ರೇಷ್ಮೆಹುಳು, ರೆಕ್ಕೆಯುಳ್ಳ ಮಿಂಚುಹುಳು, ಹೊಟ್ಟೆಯೊಳಗಿನ ಜಂತುಹುಳು, ಚಿಪ್ಪು ಹೊತ್ತು ತೆವಳುವ ಬಸವನಹುಳು, ಹುಳುವೇ ಇಲ್ಲದ, ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಎಂಬ ಚರ್ಮರೋಗ, ಕಡೆಗೆ ಹಾವಿನ ಹೆಸರೆತ್ತಲು ಅಂಜುವ ಹಳ್ಳಿಯವರ ‘ಹುಳ ಮುಟ್ಟಿತು’ ಎಂಬ ಮಾತು, ಇವೆಲ್ಲಕ್ಕೂ ಒಂದೇ ಪದ. ಪ್ರಾಚೀನ ಇಂಗ್ಲಿಷಿನ ‘ವಿರ್ಮ್’ ಕೂಡ ಹೀಗೆಯೇ ಹುಳುವಿನಿಂದ ಹಾವಿಗೆ, ಹಾವಿನಿಂದ ಪುರಾಣದ ಘಟಸರ್ಪಕ್ಕೆ ಚಾಚಿಕೊಂಡಿತ್ತು. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವವರು ಲಿನೇಯಸ್‌ನನ್ನು ನೆನೆಯಬೇಕು. 1758ರಲ್ಲಿ ಪ್ರಾಣಿಲೋಕವನ್ನು ಆರು ವರ್ಗ ಮಾಡಿದ ಆ ಪಂಡಿತ ಕೊನೆಯ ವರ್ಗಕ್ಕೆ ಇಟ್ಟ ಹೆಸರು ‘ವರ್ಮೀಸ್’, ಅಂದರೆ ಹುಳುಗಳು. ಎರೆಹುಳು, ಶಂಖ, ನಕ್ಷತ್ರಮೀನು, ಹವಳ ಎಲ್ಲವನ್ನೂ ಅವನು ಅದರೊಳಗೇ ತುಂಬಿದ. ಒಂದು ಲೈವ್ ರಾಕ್‌ನಲ್ಲಿ ಬರುವ ಬಹುಪಾಲು ಅತಿಥಿಗಳು, ಆ ಕಲ್ಲನ್ನು ಕಟ್ಟಿದ ಹವಳವೂ ಸೇರಿ, ಅವನ ಲೆಕ್ಕದಲ್ಲಿ ಹುಳುಗಳೇ. ಗುರುತು ಹಿಡಿಯುವ ಮೊದಲು ಒಂದು ಅಗಲವಾದ ಮಾತು ಬೇಕಾಗುತ್ತದೆ. ಹುಳು ಅಂಥ ಮಾತು.

ಕಷ್ಟ ಬರುವುದು ಆ ಅಗಲದ ಜೊತೆ ಒಂದು ಕಲೆಯೂ ಅಂಟಿಕೊಂಡಿರುವುದರಿಂದ. ಹುಳು ಬಿದ್ದದ್ದು ಹುಳುಕು. ಹುಳುಕು ಹಲ್ಲು, ಹುಳುಕು ಕಾಯಿ, ಕಡೆಗೆ ಇನ್ನೊಬ್ಬರ ಮಾತಿನಲ್ಲಿ ಹುಡುಕುವ ಹುಳುಕು. ಹೀಗೆ ಕೊಳೆಯುವಿಕೆಯ ವಾಸನೆ ಹತ್ತಿದ ಪದ ತೊಟ್ಟಿಯ ಮುಂದೆ ಬಾಯಿಗೆ ಬಂದೊಡನೆ ಕೈ ಚಿಮುಟಕ್ಕೆ ಹೋಗುತ್ತದೆ. ಸಿಕ್ಕಿಬೀಳುವುದು ಸಾಮಾನ್ಯವಾಗಿ ಬ್ರಿಸಲ್ ವರ್ಮ್: ನಸುಗೆಂಪು ಮೈ, ಎರಡೂ ಅಂಚಿನಲ್ಲಿ ಬಿಳಿ ಮುಳ್ಳುಗೂದಲಿನ ಕುಚ್ಚುಗಳು. ತೊಟ್ಟಿಗಳಲ್ಲಿ ಸಿಗುವ ಇಂಥವು ಹೆಚ್ಚಾಗಿ ಮೀನು ಬಿಟ್ಟ ಆಹಾರವನ್ನೂ ಸತ್ತುಬಿದ್ದುದನ್ನೂ ತಿಂದು ಬದುಕುತ್ತವೆ. ಅವುಗಳ ಸಂಖ್ಯೆ ಹೆಚ್ಚಿದರೆ ಆಹಾರ ಹಾಕುವ ಕೈ ಹೆಚ್ಚು ಉದಾರವಾಗಿದೆಯೆಂದು ತಿಳಿಯಬೇಕು. ಹವಳವನ್ನೇ ಮೇಯುವ ಬೆಂಕಿಹುಳುವೂ ಇದೆ, ನಿಜ. ಆದರೆ ಒಬ್ಬನ ತಪ್ಪಿಗೆ ಕುಲವನ್ನೆಲ್ಲ ಕೊಲ್ಲುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಬರಿಗೈಯಲ್ಲಿ ಮುಟ್ಟಬಾರದು ಎಂಬುದು ಮಾತ್ರ ಎಲ್ಲಕ್ಕೂ ಅನ್ವಯ. ಟೊಳ್ಳಾದ, ಪೆಡಸಾದ ಆ ಮುಳ್ಳುಗೂದಲು ಚರ್ಮದೊಳಗೆ ಮುರಿದು ಉರಿಸುತ್ತದೆ. ಅಂಟುಪಟ್ಟಿ ಒತ್ತಿ ಕಿತ್ತು ತೆಗೆಯಬೇಕು. ನಮ್ಮ ಹಿತ್ತಿಲಿನ ಕಂಬಳಿಹುಳು ತಾಗಿದವರಿಗೆ ಈ ಅನುಭವ ಹೊಸದಲ್ಲ. ಸಂಸ್ಕೃತ ಆ ಮುಳ್ಳುಗೂದಲಿಗೆ ಕೊಟ್ಟ ಹೆಸರು ಶೂಕ. ಜವೆಗೋಧಿಯ ತೆನೆಯ ಮುಳ್ಳೂ ಶೂಕವೇ, ಅಂಥ ಕೂದಲುಳ್ಳ ಹುಳು ಶೂಕಕೀಟ. ಸುಶ್ರುತ ಸಂಹಿತೆಯಲ್ಲಂತೂ ಶೂಕವೆಂಬ ಒಂದು ಜಲಜಂತುವನ್ನು ಲೇಪಕ್ಕೆ ಬಳಸಿ ಕೆಡಿಸಿಕೊಂಡವರ ರೋಗಗಳಿಗೆ ‘ಶೂಕದೋಷ’ ಎಂಬ ಅಧ್ಯಾಯವೇ ಇದೆ. ಬ್ರಿಸಲ್ ವರ್ಮ್ ಎಂದು ತೊದಲುವ ನಮಗೆ ಶೂಕಹುಳು ಎನ್ನಲು ಯಾವ ಅಡ್ಡಿಯೂ ಕಾಣದು.

ಜಲಜಂತು ಎಂದೆವಲ್ಲ, ಆ ಜಂತುವಿನ ಪಾಡನ್ನೂ ನೋಡಿ. ‘ಜನ್’ ಧಾತುವಿನಿಂದ ಬಂದ ಅದು ಹುಟ್ಟಿದ್ದೆಲ್ಲಕ್ಕೂ ಸಲ್ಲುತ್ತಿತ್ತು. ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿ ಅಜ್ಞಾನದಿಂದ ಮೋಹಕ್ಕೊಳಗಾಗುವ ಜಂತುಗಳು ನಾವೇ. ಅದೇ ಕನ್ನಡದ ಮನೆಮಾತಿನಲ್ಲಿ ಮಕ್ಕಳ ಹೊಟ್ಟೆಯ ಹುಳುವಿನ ಮಟ್ಟಕ್ಕೆ ಇಳಿಯಿತು. ಕೃಮಿಯ ಹಾದಿ ಬೇರೆ: ಅದರ ಒಡಹುಟ್ಟಾದ ಪಾರಸಿಯ ‘ಕಿರ್ಮ್’ ಬಣ್ಣ ಕೊಡುವ ಕೀಟದ ಮೂಲಕ ‘ಕಿರ್ಮಿಜ್’ ಆಗಿ, ನಮ್ಮಲ್ಲಿಗೆ ಕಿರಮಂಜಿಯಾಗಿ ಬಂದು ಸೀರೆಯ ಸೆರಗಿನಲ್ಲಿ ಕೂತಿತು.

ಮತ್ತೆ ತೊಟ್ಟಿಗೆ ಬಂದರೆ, ಹುಳುವೆಂಬ ಹೆಸರಿನ ಅಂಜಿಕೆಯನ್ನು ಸಾರ್ಥಕಗೊಳಿಸುವ ಪ್ರಾಣಿಯೊಂದಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕೀ ಪಟ್ಟಣದ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗುತ್ತಿದ್ದವು, ಮೀನುಗಳಿಗೆ ಗಾಯವಾಗುತ್ತಿತ್ತು, ಇಟ್ಟ ಬಲೆಗಳು ಹಾಳಾಗುತ್ತಿದ್ದವು. 2009ರಲ್ಲಿ ಕಲ್ಲುಗಳನ್ನೆಲ್ಲ ಬಿಚ್ಚಿ ತೆಗೆದಾಗ ಹೊರಬಿದ್ದದ್ದು ಸುಮಾರು ನಾಲ್ಕು ಅಡಿ ಉದ್ದದ ಯೂನಿಸ್ ಜಾತಿಯ ಹುಳು. ತಲೆಯ ಮೇಲೆ ಐದು ಕುಡಿಮೀಸೆ, ಬೆಳಕು ಬಿದ್ದರೆ ಮೈಯಲ್ಲಿ ಕಾಮನಬಿಲ್ಲಿನ ಹೊಳಪು, ಕತ್ತರಿಯಂಥ ದವಡೆ. ಶೂಕಹುಳುವಿನಿಂದ ಇದನ್ನು ಬೇರೆ ಮಾಡಲು ಆ ಐದು ಮೀಸೆಗಳನ್ನು ಎಣಿಸಬೇಕು. ‘ಹುಳ ಮುಟ್ಟಿತು’ ಎಂದು ಹಾವಿನ ಅರ್ಥದಲ್ಲಿ ಹೇಳುವವರು ಇದಕ್ಕೂ ಅದೇ ಮಾತನ್ನು ಬಳಸಿದರೆ ತಪ್ಪೇನಿಲ್ಲ.

ಇನ್ನು ವರ್ಮೆಟಿಡ್. ಕಲ್ಲಿಗೆ ಅಂಟಿಕೊಂಡ, ಸೊಟ್ಟಗೆ ಬೆಳೆದ ಸುಣ್ಣದ ಕೊಳವೆ. ಪಾದದ ಗ್ರಂಥಿಯಿಂದ ಲೋಳೆಯ ನೂಲು ಬಿಟ್ಟು ನೀರಿನಲ್ಲಿ ತೇಲುವ ಕಣಗಳನ್ನು ಹಿಡಿದು ನುಂಗುತ್ತದೆ. ಆ ನೂಲು ತಾಗಿದ ಹವಳ ಮುದುಡುತ್ತದೆ. ಕೊಳವೆಯ ಬಾಯಿಗೆ ಅಂಟು ಹಾಕಿ ಮುಚ್ಚುವುದು ಬಲ್ಲವರ ಉಪಾಯ. ಲ್ಯಾಟಿನ್ನಿನ ‘ವರ್ಮಿಸ್’, ಅಂದರೆ ಹುಳು, ಅದರ ಹೆಸರಿನಲ್ಲೇ ಕೂತಿದೆ. ಆದರೆ ಆ ಕೊಳವೆಯೊಳಗಿರುವುದು ಶಂಖದ ಬಳಗದ ಪ್ರಾಣಿ, ತೆವಳುವುದನ್ನು ಬಿಟ್ಟು ಒಂದೆಡೆ ನೆಲೆಯೂರಿದ ಬಸವನಹುಳು. ಲ್ಯಾಟಿನ್ ಬಲ್ಲವರು ಇದು ಹೆಸರಿಗೆ ಮಾತ್ರ ಹುಳು ಎಂದು ತಿದ್ದಿ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಬಸವನಹುಳುವೂ ಹುಳುವೇ ಆದದ್ದರಿಂದ ತಿದ್ದುಪಡಿಯ ಪ್ರಶ್ನೆಯೇ ಏಳುವುದಿಲ್ಲ, ಕೊಳವೆಹುಳು ಎಂದರೆ ಎರಡೂ ಕಡೆಗೆ ನ್ಯಾಯ ಸಲ್ಲುತ್ತದೆ.