ಬಿಳಿಗಿರಿಯ ಹಕ್ಕಿಗಳ ನೇತ್ರವಿಕಾಸದಲ್ಲಿ ಹಾರ್ಮೋನುಗಳ ಅಭಿವ್ಯಕ್ತಿ

ಪೂರ್ವ ಪಶ್ಚಿಮ ಘಟ್ಟಗಳೆರಡೂ ಕೂಡುವ ಎಡೆಯಲ್ಲಿ, ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಗಳನ್ನು ವ್ಯಾಪಿಸಿ ನಿಂತಿರುವ ಬಿಳಿಗಿರಿರಂಗನ ಬೆಟ್ಟಗಳ ಪಕ್ಷಿಸಂಕುಲವು, 1939-40ರ ಮೈಸೂರು ಪಕ್ಷಿಸಮೀಕ್ಷೆಯ ಕಾಲದಲ್ಲಿ ಸಲೀಂ ಅಲಿಯವರ ಅವಲೋಕನಕ್ಕೆ ಬಂದಂದಿನಿಂದ, ವಿದ್ವಾಂಸರ ಜಿಜ್ಞಾಸೆಗೆ ವಿಷಯವಾಗಿದೆ. ಯಾವ ಹಕ್ಕಿಯು ಎಲ್ಲಿ ನೆಲಸುವುದೆಂಬ ವಿಚಾರದಷ್ಟೇ, ಮೊಟ್ಟೆಯ ಅಂಧಕಾರದಲ್ಲಿ ಅದಕ್ಕೆ ಕಣ್ಣು ಮೂಡುವ ಕ್ರಮವೂ ಮನನಯೋಗ್ಯವಾದುದು.

ಈ ಕಾಡಿನ ಎರಡು ಹಕ್ಕಿಗಳನ್ನು ನೋಡೋಣ. ಬೂದು ಕಾಡುಕೋಳಿಯ ಮರಿಯು ಸುಮಾರು ಮೂರು ವಾರಗಳ ಕಾವಿನ ತರುವಾಯ ಕಣ್ತೆರೆದುಕೊಂಡೇ ಹೊರಬಂದು, ಬಹುಬೇಗನೆ ತಾಯಿಯ ಹಿಂದೆ ತರಗೆಲೆಯ ನಡುವೆ ಆಹಾರವನ್ನು ಹೆಕ್ಕತೊಡಗುತ್ತದೆ. ಕೆಮ್ಮೀಸೆಯ ಪಿಕಳಾರದ ಮರಿಯಾದರೋ ಸುಮಾರು ಎರಡು ವಾರಗಳೊಳಗೇ ಹುಟ್ಟಿ, ಪುಕ್ಕವಿಲ್ಲದೆ, ಮುಚ್ಚಿದ ಕಣ್ಣುಗಳೊಡನೆ ಗೂಡಿನಲ್ಲಿಯೇ ಉಳಿಯುತ್ತದೆ. ಈ ಕಾಲಭೇದಕ್ಕೆ ಕಾರಣವನ್ನರಸುವವರ ದೃಷ್ಟಿಯು ಸಹಜವಾಗಿಯೇ ಹಾರ್ಮೋನುಗಳತ್ತ ತಿರುಗುತ್ತದೆ.

ಹಾರ್ಮೋನೆಂದರೆ ನಿರ್ನಾಳ ಗ್ರಂಥಿಯಲ್ಲಿ ಹುಟ್ಟಿ ರಕ್ತದ ಮೂಲಕ ದೂರದ ಅಂಗಗಳನ್ನು ಸೇರುವ ದ್ರವ್ಯವೆಂಬುದು ರೂಢಿಯ ಕಲ್ಪನೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಹಾರ್ವೆ, ಎಸ್ಮಂಡ್ ಸ್ಯಾಂಡರ್ಸ್ ಮೊದಲಾದವರು ಸಾಕುಕೋಳಿಯ ಭ್ರೂಣದಲ್ಲಿ ನಡೆಸಿದ ಶೋಧನೆಗಳು ಈ ಕಲ್ಪನೆಯನ್ನು ವಿಸ್ತರಿಸಿದುವು. ಪಿಟ್ಯುಯಿಟರಿ ಗ್ರಂಥಿಯಲ್ಲಿ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುವ ಕೋಶಗಳು ಕಾವಿನ ಉತ್ತರಾರ್ಧದಲ್ಲಿ ರೂಪುಗೊಳ್ಳುವುದಕ್ಕೆ ಮುನ್ನವೇ, ಅದೇ ಹಾರ್ಮೋನು ಅಕ್ಷಿಪಟಲದ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಅಭಿವ್ಯಕ್ತವಾಗಿರುತ್ತದೆ. ಕಣ್ಣಿನಿಂದ ಮಿದುಳಿಗೆ ನರತಂತುಗಳನ್ನು ಕಳುಹುವ ಈ ಕೋಶಗಳು ಭ್ರೂಣದಶೆಯಲ್ಲಿ ಅವಶ್ಯಕತೆಗಿಂತ ಹೆಚ್ಚಾಗಿ ಹುಟ್ಟಿ, ಅವುಗಳಲ್ಲಿ ಗಣನೀಯ ಭಾಗವು ಸಹಜವಾಗಿಯೇ ಅಳಿಯುವುದುಂಟು; ಸ್ಥಳೀಯ ಹಾರ್ಮೋನಿನ ಕ್ರಿಯೆಯನ್ನು ತಡೆದಾಗ ಅಳಿವು ಹೆಚ್ಚುವುದರಿಂದ, ಕೋಶಗಳ ರಕ್ಷಣೆಯೇ ಅದರ ಒಂದು ಕಾರ್ಯವೆಂದು ತಿಳಿದುಬರುತ್ತದೆ.

ಥೈರಾಯಿಡ್ ಹಾರ್ಮೋನಿನ ನಡೆ ಇದಕ್ಕಿಂತ ಭಿನ್ನ. ತಾಯಿಯು ಮೊಟ್ಟೆಯ ಭಂಡಾರದಲ್ಲಿರಿಸಿದ ಹಾರ್ಮೋನು ಭ್ರೂಣಕ್ಕೆ ಮೊದಲು ಒದಗುತ್ತದೆ. ಅನಂತರ ಮರಿಯ ಸ್ವಂತ ಗ್ರಂಥಿಯು ಕಾರ್ಯೋನ್ಮುಖವಾಗುತ್ತದೆ. ಥೈರಾಕ್ಸಿನನ್ನು ಹೆಚ್ಚು ಪ್ರಬಲವಾದ ಟ್ರೈಅಯೋಡೋಥೈರೋನಿನ್ ಆಗಿ ಮಾರ್ಪಡಿಸುವ ಕಿಣ್ವವೂ, ಅದನ್ನು ಗ್ರಹಿಸುವ ಗ್ರಾಹಕವೂ ಇರುವೆಡೆಯಲ್ಲಿ ಮಾತ್ರ ಅದರ ಪ್ರಭಾವವು ಪೂರ್ಣವಾಗುತ್ತದೆ. ಕೋಳಿಯ ಭ್ರೂಣದ ಅಕ್ಷಿಪಟಲದಲ್ಲಿ ಬೀಟಾ-2 ಎಂಬ ಗ್ರಾಹಕದ ಅಭಿವ್ಯಕ್ತಿಯು ದ್ಯುತಿಗ್ರಾಹಿ ಕೋಶಗಳು ರೂಪುಗೊಳ್ಳುವ ಹೊರಪದರದಲ್ಲಿಯೇ ಕೇಂದ್ರೀಕೃತವಾಗಿರುವುದನ್ನು 1992ರಲ್ಲಿ ಷ್ಯೋಬೆರ್ಗ್, ವೆನ್‌ಸ್ಟ್ರೋಮ್, ಫಾರೆಸ್ಟ್ ಇವರು ತೋರಿಸಿದರು. ಇದೇ ಗ್ರಾಹಕವಿಲ್ಲದ ಇಲಿಗಳಲ್ಲಿ ಹಸುರು ಬೆಳಕನ್ನು ಗ್ರಹಿಸುವ ಶಂಕುಕೋಶಗಳು ಮೂಡುವುದಿಲ್ಲವೆಂಬುದು 2001ರಲ್ಲಿ ಸಿದ್ಧವಾಯಿತು. ನಾಲ್ಕು ಬಗೆಯ ಒಂಟಿ ಶಂಕುಕೋಶಗಳಿಂದಲೂ ಜೋಡಿ ಶಂಕುಕೋಶಗಳಿಂದಲೂ ವರ್ಣವೈಭವವನ್ನು ಕಾಣುವ ಪಕ್ಷಿನೇತ್ರಕ್ಕೆ ಇಂತಹ ನಿಯಂತ್ರಣವು ಎಷ್ಟು ಮುಖ್ಯವೆಂಬುದನ್ನು ಇದರಿಂದ ಊಹಿಸಬಹುದು.

ಸಾಕುಕೋಳಿಯ ಮುಖ್ಯ ಮೂಲವು ಕೆಂಪು ಕಾಡುಕೋಳಿಯೇ ಆದರೂ, ಅದರ ಹಳದಿ ಚರ್ಮಕ್ಕೆ ಕಾರಣವಾದ ಜೀನು ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ನಿರೂಪಿತವಾಯಿತು. ಇಷ್ಟು ನಿಕಟವಾದ ಬಾಂಧವ್ಯವಿರುವುದರಿಂದ, ಪ್ರಯೋಗಾಲಯದ ನಿರ್ಣಯಗಳನ್ನು ಬಿಳಿಗಿರಿಯ ಕಾಡುಕೋಳಿಗೂ ಅನ್ವಯಿಸುವುದು ಯುಕ್ತವಾದ ಅನುಮಾನ. ಅದಕ್ಕಾಗಿ ವನ್ಯ ಗೂಡುಗಳನ್ನು ಕೆಡಿಸಬೇಕಾಗಿಲ್ಲ. ಪಿಕಳಾರದ ವಿಷಯದಲ್ಲಿ ಈ ಅನುಮಾನವು ಅಷ್ಟು ದೂರ ಸಾಗದು. ಕಣ್ತೆರೆದು ಹುಟ್ಟುವ ಹಕ್ಕಿಗಳ ರಕ್ತದಲ್ಲಿ ಥೈರಾಯಿಡ್ ಹಾರ್ಮೋನು ಮೊಟ್ಟೆಯೊಡೆಯುವ ವೇಳೆಗೆ ಉಬ್ಬರಿಸಿದರೆ, ಕಣ್ಮುಚ್ಚಿ ಹುಟ್ಟುವುವುಗಳಲ್ಲಿ ಅದು ಜನನಾನಂತರ ಕ್ರಮಕ್ರಮವಾಗಿ ಏರುತ್ತದೆ. ಆದರೆ ಕಣ್ಣು ತನ್ನ ಹಾರ್ಮೋನನ್ನು ತಾನೇ ಉತ್ಪಾದಿಸಬಲ್ಲುದೆಂದೂ, ಬಂದುದನ್ನು ತನ್ನೊಳಗೇ ಗ್ರಹಿಸುವ ಏರ್ಪಾಡನ್ನು ಹೊಂದಿರುವುದೆಂದೂ ತಿಳಿದ ಮೇಲೆ, ರಕ್ತದ ಏರಿಳಿತವೊಂದರಿಂದಲೇ ಈ ಎರಡು ಮರಿಗಳ ಭೇದವನ್ನು ವಿವರಿಸಲು ಹೊರಡುವುದು ಸಾಧುವಲ್ಲ. ಅಕ್ಷಿಪಟಲದ ಪದರಪದರದಲ್ಲಿಯೂ ಹಾರ್ಮೋನಿನ ಉತ್ಪತ್ತಿ, ಪರಿವರ್ತನೆ, ಗ್ರಹಣ ಈ ಮೂರನ್ನೂ ದಿನಕ್ರಮವಾಗಿ ಹೋಲಿಸಿದಲ್ಲದೆ ನೇತ್ರವಿಕಾಸದ ಕಾಲನಿಯಮವು ನಿರ್ಧಾರವಾಗದು.